ಹೆಣ ಕಣ್ಣು ಮಿಟುಕಿಸಿತೇ?

೧

ಎಲ್ಲಿಂದ ಶುರುಮಾಡಲಿ? ಗುಂಡಿನ ಸದ್ದಿನಿಂದ ಎಂದುಕೊಂಡೆ. ಅದು ಎಲ್ಲರೂ ಮಾಡುವುದೇ. ಬಾಡಿಗೆ ಕೊಲೆಗಾರನ ಟೋಪಿಯಿಂದ ಎಂದುಕೊಂಡು ಬರೆಯಲು ಕೂತೆ. ಟೋಪಿಯ ಬಗ್ಗೆ ನನಗೇನೂ ತಿಳಿಯದೆಂದು ಅರ್ಧ ಪುಟಕ್ಕೇ ಗೊತ್ತಾಯಿತು. ಹಾಗಾಗಿ ಪ್ರೇಕ್ಷಕ ಮಹಾಶಯರಿಂದಲೇ ಶುರುಮಾಡುತ್ತೇನೆ.

ಅದೊಂದು ಹಳೆಯ ಕಪ್ಪು ಬಿಳುಪು ಸಿನಿಮಾ. ಬಾಡಿಗೆ ಕೊಲೆಗಾರನೊಬ್ಬನ ಕಥೆ. ಅಗ್ಗದಲ್ಲಿ ತೆಗೆದದ್ದು, ಬಂದದ್ದೂ ಗೊತ್ತಾಗದಂತೆ ಹೋದದ್ದು. ಈಗ ಯಾರೋ ಪುಣ್ಯಾತ್ಮರು ಅದನ್ನು ಇಂಟರ್‌ನೆಟ್ಟಿಗೆ ಹಾಕಿದ್ದಾರೆ. (ಹೆಸರು ಹೇಳುವುದಿಲ್ಲ. ಹೇಳಿದರೆ ಹುಡುಕಿ ನೋಡುತ್ತೀರಿ, ನೋಡಿದ ಮೇಲೆ ನನ್ನನ್ನು ಬೈಯುತ್ತೀರಿ.) ಅದರ ಕೆಳಗೆ ಜನ ಹೀಗೆಲ್ಲ ಬರೆದಿದ್ದಾರೆ:

"ಕೊಲೆಗಾರನ ನಟನೆ ಅಂದ್ರೆ ಕಂಬಕ್ಕೆ ಕೋಟು ಹಾಕಿದ ಹಾಗಿದೆ. ಎರಡು ಸ್ಟಾರ್. ಎರಡೂ ಟೋಪಿಗೆ."

"ನಮ್ಮಪ್ಪನ ಜೊತೆ ನೋಡಿದೆ. ಅಪ್ಪ ಅರ್ಧದಲ್ಲೇ ನಿದ್ದೆ ಹೋದ್ರು. ಗುಂಡು ಹಾರಿದ್ರೂ ಏಳಲಿಲ್ಲ."

"ವೇಟಿಂಗ್ ರೂಮ್ ಸೀನ್ ನೋಡಿ. ಹೆಣ ಕಣ್ಣು ಮಿಟುಕಿಸುತ್ತೆ! ನಕ್ಕು ನಕ್ಕು ಸಾಕಾಯ್ತು."

"ನಗಬೇಡಿ. ಅದು ತಪ್ಪಲ್ಲ, ಸುಳಿವು. ಕೊಲೆಗಾರ ಬೇಕಂತಲೇ ಗುರಿ ತಪ್ಪಿಸಿದ್ದಾನೆ. ಅವಳು ಬದುಕಿದ್ದಾಳೆ. ಇಡೀ ಸಿನಿಮಾದ ಜೀವ ಆ ಒಂದು ರೆಪ್ಪೇಲಿದೆ. ಐದು ಸ್ಟಾರ್."

ಈ ಕೊನೆಯ ಮಹಾನುಭಾವನಿಂದಲೇ ಮುಂದಿನ ರಾದ್ಧಾಂತವೆಲ್ಲ.

೨

"ಇನ್ನೊಂದ್ಸಲ ಓದು," ಎಂದ ಕೊಲೆಗಾರ, ಮಗಳಿಗೆ.

ಕೊಲೆಗಾರನಿಗೆ ಈಗ ಮೊಣಕಾಲು ನೋವು. ಆ ಒಂದೇ ಸಿನಿಮಾದಲ್ಲಿ ನಟಿಸಿ, ಆಮೇಲೆ ಬದುಕಿಡೀ ಕನ್ನಡಕದ ಅಂಗಡಿ ನಡೆಸಿ, ಅದನ್ನು ಮಗಳ ಕೈಗೊಪ್ಪಿಸಿ ಕೂತಿದ್ದಾನೆ. ಮಗಳು ಫೋನಿನಲ್ಲಿ ನೋಡಿಕೊಂಡು ಓದುತ್ತಿದ್ದಳು. ಹೆಣ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿತ್ತು.

"ರೀ ಸ್ವಾಮಿ," ಎಂದು ಹೆಣ ನನ್ನ ಕಡೆ ಚಾಕು ತಿರುಗಿಸಿತು. "ಹೆಣ ಗಿಣ ಅಂದ್ರೆ ನೋಡಿ, ನಾನು ನಿಮ್ಮ ಕಥೇಲಿ ಇರಲ್ಲ. ಮನೆಯೊಡತಿ ಅನ್ನಿ."

ಆಗಲಿ. ಆ ಸಿನಿಮಾದ ವೇಟಿಂಗ್ ರೂಮಿನಲ್ಲಿ ಗುಂಡು ತಿಂದು ಬಿದ್ದಿದ್ದ ಹುಡುಗಿಯೇ ಈ ಮನೆಯೊಡತಿ. ಕೊಂದವನನ್ನೇ ಮರುವರ್ಷ ಮದುವೆಯಾದಳು. ಅಂದಿನಿಂದ ನೆಂಟರಿಷ್ಟರು ಸೇರಿದಾಗಲೆಲ್ಲ ಗಂಡನದು ಒಂದೇ ರಾಗ: "ನಾನು ದೊಡ್ಡ ಸ್ಟಾರ್ ಆಗಬೇಕಿತ್ತು. ಇವಳು ಕಣ್ಣು ಮಿಟುಕಿಸಿಬಿಟ್ಟಳು!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದಿದ್ದರೆ ಇವಳಿಗೆ ಸಿಟ್ಟು ಬಂತು ಎನ್ನುತ್ತಾರಲ್ಲ, ಅದಕ್ಕೆ.

ಈಗ ಫಿಲ್ಮ್ ಕ್ಲಬ್ಬಿನವರು ಆ ಸಿನಿಮಾ ತೋರಿಸುತ್ತಿದ್ದಾರೆ. ಭಾನುವಾರ. ಆಮೇಲೆ ಕೊಲೆಗಾರನ ಜೊತೆ ಸಂವಾದ. ಕನ್ನಡಿಯ ಮುಂದೆ ತಯಾರಿ ಆಗಲೇ ಶುರುವಾಗಿತ್ತು.

"ಆ ಮಿಟುಕು ನನ್ನ ಐಡಿಯಾ," ಎಂದು ಕೊಲೆಗಾರ ಕನ್ನಡಿಗೆ ಹೇಳಿದ. "ನಿರ್ದೇಶಕರಿಗೂ ಹೇಳಿರಲಿಲ್ಲ."

ಅಡುಗೆಮನೆಯಲ್ಲಿ ಚಾಕು ನಿಂತಿತು.

"ಏನಂದ್ರೀ? ಬೈಸಿಕೊಳ್ಳುವಷ್ಟು ದಿನ ಮಿಟುಕಿಸಿದ್ದು ನಾನು. ಹೊಗಳಿದ ತಕ್ಷಣ ನಿಮ್ಮದಾಯ್ತಾ?"

"ಅಯ್ಯೋ, ನಿನ್ನ ಕಣ್ಣೇನು, ನನ್ನ ಕಣ್ಣೇನು! ಮನೆ ಒಂದೇ ಅಲ್ವೇನೇ?"

"ಹಾಗಾದ್ರೆ ನನ್ನ ಹೆಸರು ಹೇಳಿ."

ಕೊಲೆಗಾರನಿಗೆ ಆಗ ಇದ್ದಕ್ಕಿದ್ದಂತೆ ಮೊಣಕಾಲು ನೋವು ಜೋರಾಯಿತು.

೪

(ಮೂರನೆಯದನ್ನು ಹರಿದು ಹಾಕಿದೆ. ಅದರಲ್ಲಿ ನಿಜವಾದ ಕೊಲೆಯೊಂದಿತ್ತು. "ಬೀನ್ಸ್ ಹೆಚ್ಚೋ ಚಾಕುವಿನಲ್ಲಾ? ಅದು ಸೌತೆಕಾಯಿಗೇ ಹೋಗಲ್ಲ" ಎಂದು ಮನೆಯೊಡತಿ ಮೂಗು ಮುರಿದಳು.)

ಗಂಡ ಮಲಗಿದ್ದ ಮಧ್ಯಾಹ್ನ ಅವಳು ನನ್ನನ್ನು ಹಿತ್ತಿಲಿಗೆ ಕರೆದಳು. ಬಟ್ಟೆ ಒಣಹಾಕುತ್ತಾ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಹೇಳಿದಳು.

ಆಗೆಲ್ಲ ಸಿನಿಮಾ ತೆಗೆಯುವಾಗ ಮಾತು ದಾಖಲಾಗುತ್ತಿರಲಿಲ್ಲವಂತೆ. ಆಮೇಲೆ ಸ್ಟುಡಿಯೋದಲ್ಲಿ ಕೂತು ದನಿ ಸೇರಿಸುವುದು. ಆದ್ದರಿಂದ ಕ್ಯಾಮೆರಾ ಓಡುತ್ತಿದ್ದರೂ ಯಾರು ಏನು ಬೇಕಾದರೂ ಮಾತಾಡಬಹುದಿತ್ತು. ಅವಳು ನೆಲದ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಳು. ಶಾಟ್ ಕೆಟ್ಟರೆ ಎಂಬ ಹೆದರಿಕೆಗೆ ಉಸಿರು ಬಿಗಿಹಿಡಿದಿದ್ದಳು. ಕೊಲೆಗಾರ ಕ್ಯಾಮೆರಾಕ್ಕೆ ಬೆನ್ನು ಹಾಕಿ ಅವಳ ಮೇಲೆ ಬಗ್ಗಿದ. ಅಲ್ಲಿಯವರೆಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಮೆಲ್ಲಗೆ ಹೇಳಿದ:

"ಉಸಿರಾಡು. ನಿಜವಾಗ್ಲೂ ಸತ್ತುಹೋಗ್ತೀಯ."

ಅವಳು ಕಣ್ಣು ಮಿಟುಕಿಸಿದಳು.

"ಫಿಲ್ಮು ಮುಗಿದುಹೋಗಿತ್ತು, ಇನ್ನೊಂದ್ಸಲ ತೆಗೆಯೋ ಹಾಗಿರಲಿಲ್ಲ. ಈ ದರಿದ್ರದ ಹುಡುಗೀನ ಯಾರು ಕರ್ಕೊಂಡು ಬಂದಿದ್ದು ಅಂತ ನಿರ್ದೇಶಕರು ಎಲ್ಲರ ಮುಂದೆ ಕೂಗಾಡಿದ್ರು. ಇವರು? ಬೂಟಿನ ಲೇಸು ಕಟ್ಟಿಕೊಳ್ತಾ ಇದ್ರು. ಆಮೇಲೆ ನನ್ನನ್ನ ಯಾರೂ ಕರೀಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದೆ. ಅಲ್ಲಿ ಕಣ್ಣು ಮಿಟುಕಿಸಿದ್ರೂ ಯಾರಿಗೂ ಕಾಣಲ್ಲ ನೋಡಿ."

"ಇದರ ಬಗ್ಗೆ ಅವರನ್ನು ಯಾವತ್ತೂ ಕೇಳಲಿಲ್ವಾ?"

"ಅವರಿಗೆಲ್ಲಿ ನೆನಪಿದೆ? ಒಂದು ದಿನಾನೂ ಆ ಮಾತೆತ್ತಿಲ್ಲ."

"ಹಾಗಾದರೆ ಭಾನುವಾರ ಎದ್ದು ನಿಂತು ಹೇಳಿಬಿಡಿ!" ಎಂದೆ ನಾನು, ಕಥೆ ಮುಗಿಯಿತೆಂಬ ಖುಷಿಯಲ್ಲಿ.

ಅವಳು ಕ್ಲಿಪ್ಪು ತೆಗೆದು ನನ್ನನ್ನೇ ನೋಡಿದಳು. "ಏನಂತ ಹೇಳಲಿ? ಅವರು ಹೇಳಿದ್ದಕ್ಕೇ ನಾನು ಮಿಟುಕಿಸಿದ್ದು ಅಂತಾನಾ? ಆಗ ಅದು ಅವರದ್ದೇ ಆಯ್ತಲ್ಲ. ಸುಮ್ಮನಿದ್ರೂ ಅವರಿಗೇ ಚಪ್ಪಾಳೆ, ನಿಜ ಹೇಳಿದ್ರೂ ಅವರಿಗೇ. ಬೈಗುಳ ಮಾತ್ರ ನನಗೆ."

ನನಗೆ ಇದು ಹೊಳೆದೇ ಇರಲಿಲ್ಲ. ಬಕೆಟ್ಟಿನಲ್ಲಿದ್ದ ಟವೆಲ್ಲು ಹಿಂಡಿಕೊಟ್ಟೆ.

೫

ಕೆಲವು ಮುಕ್ತಾಯಗಳನ್ನು ಬರೆದು ಅವಳ ಮುಂದಿಟ್ಟೆ.

ಅವಳು ಮೈಕು ಕಿತ್ತುಕೊಂಡು ಸಿಂಹಿಣಿಯಂತೆ ಗರ್ಜಿಸುವುದು. ("ಮೈಕು ಕಂಡ್ರೇ ನನಗೆ ಗಂಟಲು ಕಟ್ಟುತ್ತೆ.")

ಗಂಡ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಅಳುವುದು. ("ನೀವು ನಮ್ಮ ಯಜಮಾನ್ರನ್ನ ಸರಿಯಾಗಿ ನೋಡೇ ಇಲ್ಲ. ದಾರಿ ತಪ್ಪಿದ್ರೆ, ಊರೇ ತಪ್ಪು ಜಾಗದಲ್ಲಿದೆ ಅನ್ನೋರು ಅವರು.")

ಇಬ್ಬರೂ ಹೋಗದೆ ಮನೆಯಲ್ಲೇ ಉಳಿಯುವುದು. ("ಸೀರೆ ಇಸ್ತ್ರಿಗೆ ಕೊಟ್ಟಾಗಿದೆ.")

ಅಷ್ಟರಲ್ಲಿ ಕೊಲೆಗಾರನೂ ತಲೆಹಾಕಿದ. "ಕಥೇಲಿ ನಂದು ಬರೀ ಮೊಣಕಾಲೇ ಆಯ್ತಲ್ರೀ. ಒಂದು ಒಳ್ಳೆ ಡೈಲಾಗ್ ಕೊಡಿ."

ಒಳ್ಳೆಯದೊಂದನ್ನು ಕೊಟ್ಟಾಗಿತ್ತು, ಆದರೆ ಅದು ಹಿತ್ತಿಲಿನಲ್ಲಿತ್ತು.

೬

ಭಾನುವಾರ. ಹಾಲ್ ಮುಕ್ಕಾಲು ತುಂಬಿತ್ತು. ಮೊದಲ ಸಾಲಿನಲ್ಲಿ ಮನೆಯೊಡತಿ, ಪಕ್ಕದಲ್ಲಿ ಮಗಳು. ಆ ದೃಶ್ಯ ಬಂದಾಗ ಜನ ಶಿಳ್ಳೆ ಹೊಡೆದರು. ಪರದೆಯ ತುಂಬ ಅವಳದೇ ಎಳೆಯ ಮುಖ. ಪಾಪದ ಹುಡುಗಿ, ಎಷ್ಟು ಹೆದರಿದ್ದಾಳೆ ಎಂದು ಅವಳಿಗೆ ಅನಿಸಿತು.

ದೀಪ ಹತ್ತಿತು. ಕೊಲೆಗಾರ ವೇದಿಕೆ ಹತ್ತಿದ. ಐದು ಸ್ಟಾರ್ ಕೊಟ್ಟವನೇ ಎದ್ದು ಕೇಳಿದ: "ಸರ್, ಆ ಕಣ್ಣು ಮಿಟುಕಿಸೋದು ಯಾರ ಐಡಿಯಾ?"

ಕೊಲೆಗಾರ ಗಂಟಲು ಸರಿಮಾಡಿಕೊಂಡ, ಕೋಟಿನ ಗುಂಡಿ ಹಾಕಿಕೊಂಡ. "ಅದು..." ಎಂದ. ಕೆಳಗೆ ನೋಡಿದ.

ಹೆಂಡತಿ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಉಸಿರು ಬಿಗಿಹಿಡಿದಿದ್ದಳು. ಅದು ಅವಳಿಗೇ ಗೊತ್ತಿರಲಿಲ್ಲ, ಪಕ್ಕದ ಮಗಳಿಗೂ ಗೊತ್ತಾಗಲಿಲ್ಲ. ಬದುಕಿಡೀ ಜನರ ಕಣ್ಣು ಪರೀಕ್ಷೆ ಮಾಡಿದವನಿಗೆ ಗೊತ್ತಾಯಿತು.

ಅವನು ಮೈಕನ್ನು ಸೊಂಟದವರೆಗೆ ಇಳಿಸಿದ. ಸ್ವಲ್ಪ ಬಗ್ಗಿದ. ಮೊಣಕಾಲು ಲಟಕ್ಕೆಂದಿತು. ತುಟಿ ಅಲುಗಿತು. ಹಾಲಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಏನು ಹೇಳಿದ ಎಂದು ನಿಮಗೆ ಗೊತ್ತು, ನನಗೂ ಗೊತ್ತು.

ನೆನಪಿತ್ತು ಇವರಿಗೆ! ಇಷ್ಟೂ ವರ್ಷ ನೆನಪಿಟ್ಟುಕೊಂಡೇ ನೆಂಟರ ಮುಂದೆ ಆಡಿಕೊಂಡು ನಗಿಸಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು. ಅದರ ಹಿಂದೆಯೇ ಅಳು ಬಂತು, ಅಳುವಿನ ಹಿಂದೆ ನಗು.

ಕೊಲೆಗಾರ ಮತ್ತೆ ಮೈಕು ಎತ್ತಿದ.

ಮೈಕಿನಲ್ಲಿ ಏನು ಹೇಳಿದನೋ ಅದನ್ನು ಬರೆಯುವುದಿಲ್ಲ. ಬರೆಯಲು ಕೂತಿದ್ದೆ, ಮನೆಯೊಡತಿ ಬಂದು ಪೆನ್ನು ಕಿತ್ತುಕೊಂಡಳು. "ಸರಿಯಾಗಿ ಹೇಳಿದ್ರು ಅಂತ ಬರೆದ್ರೆ ಉಬ್ಬಿಹೋಗ್ತಾರೆ. ತಪ್ಪಾಗಿ ಹೇಳಿದ್ರು ಅಂತ ಬರೆದ್ರೆ, ಬಂದ ನೆಂಟರೆಲ್ಲ ಈಗ ಅವರನ್ನ ಆಡಿಕೊಳ್ತಾರೆ. ಆ ಹಕ್ಕು ನನಗೊಬ್ಬಳಿಗೇ ಇರಲಿ."

ಕಥೆ ಮುಗಿಯಲಿಲ್ಲ ಎಂದು ಬೈಯಬೇಕೆನಿಸಿದವರು ಅವರ ಮನೆಗೇ ಹೋಗಿ ಬೈಯಿರಿ.

೩

(ಹರಿದದ್ದರ ಜಾಗ ಖಾಲಿ ಇತ್ತು.)

ಹಾಲಿನಲ್ಲಿ ಯಾರೋ ತೆಗೆದ ವಿಡಿಯೋ ಮಾರನೆಯ ದಿನ ಇಂಟರ್‌ನೆಟ್ಟಿಗೆ ಬಂತು. ಮಗಳು ಅಭಿಪ್ರಾಯಗಳನ್ನು ಓದತೊಡಗಿದಳು.

"ಒಂದು ಸ್ಟಾರ್. ಟೋಪಿ ಎಲ್ಲಿ?"

"ತಾತ ಮೈಕು ಇಳಿಸಿ ಏನೋ ಅಂತಾರೆ. ಮುಂದಿನ ಸಾಲಲ್ಲಿರೋ ಅಜ್ಜಿ ಕಣ್ಣು ಮಿಟುಕಿಸ್ತಾರೆ. ನೋಡಿ, ನೋಡಿ!"

"ಸುಳ್ಳು. ಅದು ಲೈಟಿನ ನೆರಳು."

"ನೆರಳಲ್ಲ. ಅಜ್ಜಿ ಮಿಟುಕಿಸಿದ್ದು ಬೇಕಂತಲೇ. ಅವರೇ ಈ ಸಿನಿಮಾದ ನಿಜವಾದ ಸ್ಟಾರ್."

ಕೊಲೆಗಾರ ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ. ಅಡುಗೆಮನೆಯಲ್ಲಿ ಚಾಕು ನಿಂತಿತು.

"ಇನ್ನೊಂದ್ಸಲ ಓದು," ಎಂದಳು ಮನೆಯೊಡತಿ.