ಕಚ್ಚು ಪರೀಕ್ಷಕ

ನಮ್ಮ ಕಟ್ಟಡದಲ್ಲಿ ಹದಿನಾರು ಮನೆಗಳಿವೆ. ಏಳು ವಾರಗಳ ಅವಧಿಯಲ್ಲಿ ಅವುಗಳ ಪೈಕಿ ಒಂಬತ್ತು ಮನೆಗಳ ಬಾಗಿಲ ಮುಂದಿನಿಂದ ಹನ್ನೊಂದು ಚಪ್ಪಲಿಗಳು ಕಾಣೆಯಾಗಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಚೂರುಚೂರಾಗಿ ಪತ್ತೆಯಾದವು. ಹನ್ನೊಂದೂ ಎಡಗಾಲಿನವು. ಇದು ನಮ್ಮ ಮನೆಯ ನಾಯಿಯ ಕೆಲಸ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಹಜಾರದ ದಿವಾನದ ಮೇಲೆ ಮಲಗುವ ಹಕ್ಕನ್ನು ಮರಿಯಾಗಿದ್ದಾಗಲೇ ಸ್ಥಾಪಿಸಿಕೊಂಡಿದ್ದರಿಂದ ಅದಕ್ಕೆ ದಿವಾನ ಎಂದೇ ಹೆಸರು. ಅಪ್ಪ, ಅತ್ತೆ, ನಾನು ಮೂವರೂ ಕೆಲಸಕ್ಕೆ ಹೋದ ಮೇಲೆ ಬಾಗಿಲ ಚಿಲಕವನ್ನು ಮೂತಿಯಿಂದ ಮೇಲೆತ್ತಲು ಅದು ಕಲಿತಿತ್ತು. ಬೀಗ ಹಾಕಿದರೆ ಹದಿನಾರು ಮನೆಗಳಿಗೂ ಕೇಳುವಂತೆ ಊಳಿಡುತ್ತಿತ್ತು.

ಹನ್ನೊಂದನೆಯ ಚಪ್ಪಲಿ ಕಟ್ಟಡದ ಕಾರ್ಯದರ್ಶಿಯವರದು. ಅವರು ಬಲಗಾಲಿಗೆ ಹಳೆಯದನ್ನೂ ಎಡಗಾಲಿಗೆ ಹೊಸದನ್ನೂ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತರು.

"ನೋಡಿ, ಇದು ಮೂರು ವರ್ಷದ್ದು, ಇದು ಮೊನ್ನೆದು. ನಡೆದ್ರೆ ಒಂದು ಕಡೆ ವಾಲ್ತೀನಿ. ಏನ್ರೀ ನಿಮಗೆ ಪಾರ್ಶ್ವವಾಯು ಆಯ್ತಾ ಅಂತ ಎದುರು ಮನೆಯವರು ಕೇಳ್ತಾರೆ. ಏನಂತ ಹೇಳ್ಲಿ?"

"ತಪ್ಪಾಯ್ತು," ಎಂದರು ಅಪ್ಪ.

"ತಪ್ಪು ನಿಮ್ಮದಲ್ಲ, ಅದರದು. ಇನ್ನೊಂದೇ ಒಂದು ಚಪ್ಪಲಿ ಹೋದ್ರೂ ಅದು ಈ ಕಟ್ಟಡದಲ್ಲಿ ಇರೋ ಹಾಗಿಲ್ಲ. ಬರೆದು ತಂದಿದೀನಿ, ತಗೊಳ್ಳಿ."

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. "ನಾಯಿ ಹೋದ ದಿನ ನಾನೂ ಹೋಗ್ತೀನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಅತ್ತೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವರು, ಅಪ್ಪನನ್ನು ಇನ್ನೂ ಬೆಳೆಸುತ್ತಿರುವವರು. ಅವರು ಆಡಿದ ಮಾತನ್ನು ನಡೆಸದೆ ಬಿಟ್ಟ ಉದಾಹರಣೆ ನಮ್ಮ ಕುಟುಂಬದಲ್ಲಿಲ್ಲ. ಬಸ್ಸಿನ ನಿರ್ವಾಹಕನೊಬ್ಬ ಗದರಿದನೆಂದು 'ಇನ್ನು ಬಸ್ಸು ಹತ್ತೋದಿಲ್ಲ' ಎಂದವರು ಹತ್ತೊಂಬತ್ತು ವರ್ಷಗಳಿಂದ ನಡೆದೇ ಓಡಾಡುತ್ತಿದ್ದಾರೆ. ಅಪ್ಪ ಕಾರ್ಯದರ್ಶಿಯ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು ಪಶುವೈದ್ಯೆಯ ವಿಳಾಸ ಹುಡುಕತೊಡಗಿದರು.

ಮರುದಿನ ಸಂಜೆ ದಿವಾನನನ್ನು ಪಶುವೈದ್ಯೆಯ ಬಳಿಗೆ ಕರೆದೊಯ್ದೆವು. ಆಕೆ ಅದರ ಹಲ್ಲು, ಕಿವಿ, ಹೊಟ್ಟೆ ಎಲ್ಲವನ್ನೂ ನೋಡಿ ನಕ್ಕರು.

"ಕಾಯಿಲೆ ಏನಿಲ್ಲ. ಗಾದೆ ಗೊತ್ತಲ್ಲ, ನಾಯಿಗೆ ಕೆಲಸ ಇಲ್ಲ, ಕೂರೋಕೆ ಪುರುಸೊತ್ತಿಲ್ಲ. ಜಗಿಯೋದು, ಮೂಸೋದು, ಕೆರೆಯೋದು ಇವೆಲ್ಲ ಅದರ ದಿನನಿತ್ಯದ ಅಗತ್ಯ. ನೀವು ಕೊಡದಿದ್ರೆ ಅದೇ ಹುಡುಕ್ಕೊಳ್ಳುತ್ತೆ. ಮೊದಲು ಅದಕ್ಕೊಂದು ಕೆಲಸ ಕೊಡಿ."

ಆಕೆ ಇನ್ನೂ ಏನನ್ನೋ ವಿವರಿಸುವವರಿದ್ದರು. ಅಷ್ಟರಲ್ಲಿ ಒಳಕೋಣೆಯಲ್ಲಿ ಬೆಕ್ಕೊಂದು ಔಷಧಿಯ ಕಪಾಟಿನ ಮೇಲೇರಿದ್ದರಿಂದ ಎದ್ದು ಹೋದರು. ಅಪ್ಪ ಕಾಯಲಿಲ್ಲ. ಅವರಿಗೆ ಬೇಕಾದದ್ದು ಸಿಕ್ಕಿತ್ತು.

ಅಪ್ಪ ಪಾದರಕ್ಷೆ ಕಾರ್ಖಾನೆಯೊಂದರಲ್ಲಿ ಸಿಬ್ಬಂದಿ ವಿಭಾಗದ ಮುಖ್ಯ ಗುಮಾಸ್ತರು. ಅದೇ ಕಾರ್ಖಾನೆಯ ಪರೀಕ್ಷಾ ವಿಭಾಗದ ದಾಖಲೆಗಳು ನನ್ನ ಹೊಣೆ. ಇಪ್ಪತ್ತೆಂಟು ವರ್ಷಗಳ ಸೇವೆಯ ನಂತರ 'ಕೆಲಸ ಕೊಡಿ' ಎಂಬ ಮಾತಿಗೆ ಅಪ್ಪನ ಮಟ್ಟಿಗೆ ಉಳಿದಿದ್ದುದು ಒಂದೇ ಅರ್ಥ: ಖಾಲಿ ಹುದ್ದೆ, ಅರ್ಜಿ, ಸಂದರ್ಶನ, ಆದೇಶ. ಖಾಲಿ ಹುದ್ದೆಯೂ ಒಂದಿತ್ತು. ಹೊಸ ಚಪ್ಪಲಿ ಕಾಲನ್ನು ಕಚ್ಚುತ್ತದೆಯೇ ಎಂಬುದನ್ನು, ಅದನ್ನು ಹಾಕಿಕೊಂಡು ಮೂರು ಸಾವಿರ ಹೆಜ್ಜೆ ನಡೆದು ಕಂಡುಹಿಡಿಯುವ 'ಕಚ್ಚು ಪರೀಕ್ಷಕ'ನ ಹುದ್ದೆ. ಹಿಂದಿದ್ದವರು ಎರಡೂ ಪಾದಗಳ ತುಂಬ ಆಣಿಯೊಂದಿಗೆ ನಿವೃತ್ತರಾಗಿ ನಾಲ್ಕು ವರ್ಷಗಳಾಗಿದ್ದವು.

"ಅಪ್ಪ, ಅಲ್ಲಿರೋದು ಚಪ್ಪಲಿ ಕಚ್ಚೋ ವಿಷಯ," ಎಂದೆ.

"ನಮ್ಮ ದಿವಾನ ಮಾಡ್ತಿರೋದೂ ಅದೇ ತಾನೆ? ಚಪ್ಪಲಿ ಕಚ್ಚೋದು."

ವ್ಯಾಕರಣದ ದೃಷ್ಟಿಯಿಂದ ಅದು ಸರಿಯಾಗಿಯೇ ಇತ್ತು. ಅಪ್ಪ ನಿಯಮಾವಳಿಯನ್ನು ತೆರೆದು ತೋರಿಸಿದರು. ಅಭ್ಯರ್ಥಿಯ ಕಾಲುಗಳು ಸದೃಢವಾಗಿರಬೇಕು ಎಂದಿತ್ತು. ಎಷ್ಟು ಕಾಲು ಎಂದಿರಲಿಲ್ಲ.

ಸಂದರ್ಶನ ಸೋಮವಾರ ನಡೆಯಿತು. ವ್ಯವಸ್ಥಾಪಕರು ಕಾಗದದಿಂದ ತಲೆಯೆತ್ತದೆ ಕೇಳಿದರು: "ಅನುಭವ?"

"ಹನ್ನೊಂದಾಗಿದೆ ಸರ್," ಎಂದರು ಅಪ್ಪ.

"ಹನ್ನೊಂದು ವರ್ಷ. ಒಳ್ಳೇದು. ಮಾತು ಕಮ್ಮಿ ಅನ್ಸುತ್ತೆ." ಆಮೇಲೆ ತಲೆಯೆತ್ತಿದರು. "ಇದು ನಾಯಿ ಅಲ್ವೇನ್ರೀ?"

"ಹೌದು ಸರ್. ಆದ್ರೆ ನಿಯಮದಲ್ಲಿ ಬೇಡ ಅಂತ ಎಲ್ಲೂ ಇಲ್ಲ."

ವ್ಯವಸ್ಥಾಪಕರು ನಿಯಮಾವಳಿಯನ್ನು ತಿರುವಿಹಾಕಿದರು. "ಅದರಲ್ಲಿ ಇಲ್ಲದ್ದನ್ನ ನಾನ್ಯಾಕೆ ಹೇಳ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ನನ್ನ ತಲೆಗೆ ಬರುತ್ತೆ," ಎಂದು ಸಹಿ ಹಾಕಿದರು.

ಅಂದಿನಿಂದ ಅತ್ತೆಯೇ ದಿವಾನನನ್ನು ಕೆಲಸಕ್ಕೆ ಬಿಡತೊಡಗಿದರು. ಅವರು ಹರಿದ ಹೊದಿಕೆಗಳನ್ನು ಹೊಲಿಯುವ ಆಸ್ಪತ್ರೆ ನಮ್ಮ ಕಾರ್ಖಾನೆಯನ್ನು ದಾಟಿದರೆ ಸಿಗುತ್ತದೆ. ಇಪ್ಪತ್ತು ನಿಮಿಷಗಳ ದಾರಿಗೆ ಇಬ್ಬರೂ ಐವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು, ಏಕೆಂದರೆ ದಾರಿಯಲ್ಲಿ ಮೂವತ್ತೆಂಟು ದೀಪದ ಕಂಬಗಳಿವೆ ಮತ್ತು ಯಾವ ಎರಡು ಕಂಬಗಳ ವಾಸನೆಯೂ ಒಂದೇ ಎಂದು ದಿವಾನ ಒಪ್ಪುತ್ತಿರಲಿಲ್ಲ. ಅತ್ತೆ ಅದನ್ನು ಎಳೆಯುತ್ತಿರಲಿಲ್ಲ. "ಓದಿ ಮುಗಿಸ್ಲಿ," ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಅದಕ್ಕೆ ಮೂವತ್ತೊಂದು ಜನರ ಸಹವಾಸವಿತ್ತು. ಚರ್ಮ ಕತ್ತರಿಸುವವರು ಚೂರುಗಳ ಚೀಲದ ತಳದಲ್ಲಿ ಬ್ರೆಡ್ಡಿನ ತುಂಡುಗಳನ್ನು ಹುದುಗಿಸಿಡುತ್ತಿದ್ದರು; ದಿವಾನ ಬಾಲ ಮಾತ್ರ ಹೊರಗೆ ಕಾಣುವಂತೆ ಚೀಲದೊಳಗೆ ಇಳಿದು ಬಗೆಯುತ್ತಿತ್ತು. ಅನಂತರ ಯಾರದಾದರೂ ಪಾದದ ಮೇಲೆ ತಲೆಯಿಟ್ಟು ನಿದ್ರಿಸುತ್ತಿತ್ತು. ಅದು ಮಾಡದೆ ಬಿಟ್ಟದ್ದು ಒಂದೇ ಕೆಲಸ. ಎದುರಿಗಿಟ್ಟ ಚಪ್ಪಲಿಯನ್ನು ಒಮ್ಮೆ ಮೂಸಿ, ಸೀನಿ, ಮುಖ ತಿರುಗಿಸುತ್ತಿತ್ತು. ಆರು ವಾರಗಳಲ್ಲಿ ಇನ್ನೂರ ನಲವತ್ತು ಜೊತೆಗಳು ಅದರ ಮುಂದೆ ಹಾದುಹೋದವು.

ಪರೀಕ್ಷೆಯ ನಮೂನೆಯಲ್ಲಿ ಒಂದೇ ಪ್ರಶ್ನೆಯಿತ್ತು: 'ಕಚ್ಚಿತೇ?' ನಾನು ಪ್ರತಿಯೊಂದರ ಎದುರೂ 'ಇಲ್ಲ' ಎಂದು ಬರೆದೆ. ಯಾವುದು ಯಾವುದನ್ನು ಎಂದು ನಮೂನೆ ಕೇಳಿರಲಿಲ್ಲ, ಮತ್ತು ಉತ್ತರ ಎರಡು ರೀತಿಯಲ್ಲೂ ನನಗೆ ತಿಳಿದಮಟ್ಟಿಗೆ ಸತ್ಯವಾಗಿತ್ತು.

ಕಟ್ಟಡದಲ್ಲಿಯೂ ಆರು ವಾರಗಳಿಂದ ಒಂದು ಚಪ್ಪಲಿಯೂ ಕಾಣೆಯಾಗಿರಲಿಲ್ಲ. ನಾನು ಹಳೆಯ ಹನ್ನೊಂದು ಘಟನೆಗಳ ದಿನ ಮತ್ತು ಹೊತ್ತನ್ನು ಪಟ್ಟಿ ಮಾಡಿದೆ. ಎಲ್ಲವೂ ಹತ್ತರಿಂದ ಐದರ ನಡುವೆ, ದಿವಾನ ಒಂಟಿಯಾಗಿದ್ದಾಗ, ಬೆಳಗಿನ ಸುತ್ತಾಟವನ್ನು ಅಪ್ಪ ಗೇಟಿನವರೆಗಿನ ನಾಲ್ಕು ನಿಮಿಷಕ್ಕೆ ಮುಗಿಸಿದ ದಿನಗಳಲ್ಲಿ ನಡೆದಿದ್ದವು. ಕಚ್ಚಿದ್ದೆಲ್ಲ ಬಳಸಿದ ಚಪ್ಪಲಿ, ಮನುಷ್ಯರ ವಾಸನೆಯಿದ್ದದ್ದು. ಪಟ್ಟಿಯನ್ನು ಅಪ್ಪನ ಮುಂದಿಟ್ಟೆ.

"ಅಂದ್ರೆ?"

"ಬೇಸರ ಆದಾಗ, ಒಂಟಿ ಇದ್ದಾಗ ಮಾತ್ರ ಕಚ್ಚುತ್ತೆ. ಇಲ್ಲಿ ಬೇಸರ ಇಲ್ಲ. ಕೆಲಸ ಇರೋವರೆಗೂ ಅದು ಕೆಲಸ ಮಾಡಲ್ಲ."

"ಅದರಲ್ಲೇನು ವಿಶೇಷ? ನಮ್ಮ ವಿಭಾಗದಲ್ಲೇ ಅಂಥವರು ಆರು ಜನ ಇದಾರೆ."

ಏಳನೆಯ ವಾರ ಮುಖ್ಯ ಕಚೇರಿಯಿಂದ ತಪಾಸಣಾಧಿಕಾರಿ ಬಂದರು. ಇನ್ನೂರ ನಲವತ್ತಕ್ಕೆ ಇನ್ನೂರ ನಲವತ್ತೂ ಉತ್ತೀರ್ಣವಾದದ್ದು ಕಾರ್ಖಾನೆಯ ಇತಿಹಾಸದಲ್ಲಿಯೇ ಇರಲಿಲ್ಲ. ಪರೀಕ್ಷಕ ನಾಯಿ ಎಂದು ತಿಳಿದಾಗ ಅವರು ಆದೇಶದ ಸಹಿಯನ್ನು ಪರಿಶೀಲಿಸಿ, ಸರಿಯಾಗಿದೆ ಎಂದರು. ಅವರ ಆಕ್ಷೇಪಣೆ ಬೇರೆಯಿತ್ತು.

"ಒಂದೂ ಕಚ್ಚಿಲ್ಲ ಅಂದ್ರೆ ಅದಕ್ಕೆ ಕಚ್ಚೋಕೆ ಬರುತ್ತೆ ಅಂತ ನಾನು ಹೇಗೆ ನಂಬಲಿ? ನಾಳೆ ಸಂಜೆ ಐದರೊಳಗೆ ನನ್ನೆದುರಿಗೆ ಒಂದಾದ್ರೂ ಕಚ್ಚಲಿ. ಇಲ್ಲದಿದ್ರೆ ವಜಾ."

ಅಂದು ಸಂಜೆ ಮನೆಯಲ್ಲಿ ಅಪ್ಪ ಯೋಜನೆಯನ್ನು ಮುಂದಿಟ್ಟರು. ನಾಳೆ ಸುತ್ತಾಟ ಬೇಡ, ಆಟೋದಲ್ಲಿ ಕರೆದೊಯ್ಯುವುದು, ಚೂರುಗಳ ಚೀಲ ಬೇಡ, ಗೋದಾಮಿನಲ್ಲಿ ಒಂಟಿಯಾಗಿ ಕೂಡಿಹಾಕಿ ನಾಲ್ಕೂವರೆಗೆ ಬಿಡುವುದು. ನನ್ನ ಪಟ್ಟಿಯ ಪ್ರಕಾರ ಮೂರು ಗಂಟೆಗಳೇ ಸಾಕಾಗುತ್ತಿದ್ದವು, ಹಾಗೆಂದು ಹೇಳಿದೆ. ಹೇಳಿದ ಮೇಲೆ ದಿವಾನನ ಕಡೆ ನೋಡಲು ಮನಸ್ಸಾಗಲಿಲ್ಲ.

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. "ಅದರ ಕೆಲಸ ಉಳಿಸೋಕೆ ಅದನ್ನೇ ಗೋಳು ಹೊಯ್ಕೋಬೇಕಾ?"

"ಒಂದೇ ದಿನ ಅಕ್ಕ."

"ಎಲ್ಲಾ ಒಂದೇ ದಿನ ಅಂತಾನೇ ಶುರುವಾಗೋದು. ಕೆಲಸ ಹೋದ್ರೆ ಹೋಗ್ಲಿ."

"ಕೆಲಸ ಹೋದ್ರೆ ಮತ್ತೆ ಚಪ್ಪಲಿ ಹೋಗುತ್ತೆ. ಚಪ್ಪಲಿ ಹೋದ್ರೆ ನಾಯಿ ಹೋಗುತ್ತೆ. ನಾಯಿ ಹೋದ್ರೆ ನೀನು ಹೋಗ್ತೀಯ. ಆಮೇಲೆ ನಾವಿಬ್ರು ಇಲ್ಲಿ ಏನು ಮಾಡೋದು, ಹೇಳು."

"ಗೊತ್ತು ಕಣೋ," ಎಂದರು ಅತ್ತೆ ಮೆತ್ತಗೆ. "ಆದ್ರೂ ಬೇಡ."

ಮರುದಿನ ಅವರು ದಿವಾನನನ್ನು ಬಳಸುದಾರಿಯಲ್ಲಿ ಕರೆತಂದರು. ಐವತ್ತೇಳು ಕಂಬಗಳು, ಎರಡು ಮೋರಿಗಳು, ಸುರಿದಿದ್ದ ಮರಳಿನ ರಾಶಿ ಒಂದು. ಹನ್ನೆರಡು ಜೊತೆ ಚಪ್ಪಲಿಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ತಪಾಸಣಾಧಿಕಾರಿಯ ಬಳಿಗೆ ಹೋದ ದಿವಾನ, ಅವರ ಎಡಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯಿತು. ಮೂರು ಗಂಟೆಗೆ ಅವರ ಕಾಲು ಜೋಮು ಹಿಡಿಯಿತು. ಎಬ್ಬಿಸಿದರೆ ಪರೀಕ್ಷೆಗೆ ಭಂಗವೆಂದು ಅವರು ಕದಲಲಿಲ್ಲ. ನಾಲ್ಕರ ಸುಮಾರಿಗೆ ಅವರ ಕೈ ಅದರ ಕಿವಿಯ ಹಿಂದೆ ತುರಿಸುತ್ತಿದ್ದುದನ್ನು ನಾನು ನೋಡಿದೆ. ಆ ಬಗ್ಗೆ ನಮೂನೆಯಲ್ಲಿ ಅಂಕಣವಿರಲಿಲ್ಲ. ಐದಕ್ಕೆ ಸರಿಯಾಗಿ ಆದೇಶ ಬರೆದರು.

'ಸದರಿ ನೌಕರನು ಎಲ್ಲ ರೀತಿಯಿಂದಲೂ ತೃಪ್ತನಾಗಿದ್ದು, ಯಾವುದೇ ಪಾದರಕ್ಷೆಯನ್ನು ಕಚ್ಚುವ ಅಗತ್ಯ ಅವನಿಗೆ ಕಂಡುಬಾರದ ಕಾರಣ, ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ.' ಕೆಳಗೆ ದುಂಡು ಮೊಹರು.

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ದಿವಾನನನ್ನು ಕರೆದೊಯ್ಯಲು ಬಂದಿದ್ದ ಅತ್ತೆ ಆದೇಶವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಮನೆಗೆ ಬಂದವರೇ ನೇರವಾಗಿ ಕಾರ್ಯದರ್ಶಿಯ ಬಾಗಿಲು ತಟ್ಟಿದರು. ನಾನೂ ಹಿಂದೆ ನಿಂತಿದ್ದೆ.

ಕಾರ್ಯದರ್ಶಿ ಎರಡು ಸಲ ಓದಿದರು. "ಇದನ್ನ ನಾನು ನಂಬಬೇಕಾ?"

"ಮೊಹರಿದೆ."

"ಮೊಹರೇನೋ ಇದೆ. ನಾಳೆ ನೀವೆಲ್ಲ ಹೊರಟ್ಮೇಲೆ ನಾನೇ ಕೂತು ಕಾಯ್ತೀನಿ. ಬಾಗಿಲು ತೆರೆದೇ ಇಡಿ. ಕಚ್ಚೋ ಹೊತ್ತಿಗೆ ಹಿಡೀಬೇಕು, ಆಮೇಲೆ ನಿಮ್ಮ ಮಾತು ನಡೆಯಲ್ಲ."

"ಕಾಯಿರಿ," ಎಂದರು ಅತ್ತೆ. "ಬೆಳಿಗ್ಗೆ ಒಂದು ಗಂಟೆ ಸುತ್ತಾಡಿಸಿ ಬಿಟ್ಟು ಹೋಗಿರ್ತೀನಿ."

ಮರುದಿನ ಹತ್ತು ಗಂಟೆಗೆ ಕಾರ್ಯದರ್ಶಿ ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು, ಸ್ವಂತ ಚಪ್ಪಲಿಗಳೆರಡನ್ನೂ ಎದುರಿಗೆ ಬಿಟ್ಟು, ಪತ್ರಿಕೆಯ ಹಿಂದೆ ಅಡಗಿ ಕೂತರಂತೆ. ಸಂಜೆ ನಾವು ಬಂದಾಗ ದಿವಾನ ಅವರ ಕುರ್ಚಿಯ ಕೆಳಗೆ ಮಲಗಿತ್ತು.

"ಇವತ್ತು ಕಚ್ಚಿಲ್ಲ. ಬಿಸ್ಕತ್ತು ಬಚ್ಚಿಟ್ಟು ಪರೀಕ್ಷೆ ಮಾಡಿದೆ, ಹುಡುಕ್ತು. ಹಿಂದಿನ ಎಲ್ಲಾ ತಪ್ಪನ್ನೂ ಒಂದೊಂದಾಗಿ ಹೇಳಿದೆ, ಕೇಳಿಸ್ಕೊಳ್ತು. ಬಲೇ ಘಾಟಿ. ಆದ್ರೆ ನನ್ನ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ."

ಕಾಯುವವರೊಬ್ಬರು ಜೊತೆಗಿರುವಷ್ಟು ಕಾಲ ಅದು ಕಚ್ಚುವುದೇ ಇಲ್ಲ ಎಂದು ಪಟ್ಟಿಯ ಆಧಾರದ ಮೇಲೆ ವಿವರಿಸಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದರು.

"ಹೌದು, ನಾಯಿ ಬುದ್ಧಿ ನಂಬೋಕಾಗಲ್ಲ," ಎಂದರು. "ನಾಳೆನೂ ನೋಡಿ."

ಅವರು ನಾಳೆಯೂ ನೋಡಿದರು. ಹತ್ತನೆಯ ದಿನ ಕುರ್ಚಿ ಮೆಟ್ಟಿಲ ಬಳಿಯಿಂದ ನಮ್ಮ ಹಜಾರಕ್ಕೆ ಬಂದಿತು, ಅಲ್ಲಿಂದ ಕೋನ ಸರಿಯಾಗಿ ಕಾಣುತ್ತದೆಂದು. ಐದನೆಯ ವಾರದಲ್ಲಿ ಅವರಿಗೆ ಜ್ವರ ಬಂದಾಗ ಬದಲಿಗೆ ಅವರ ಹೆಂಡತಿ ಬಂದು ಕೂತರು. ಅಂದು ಸಂಜೆ ಅತ್ತೆ ಬಂದಾಗ ಆಕೆ ದಿವಾನನ ಹೊಟ್ಟೆ ಸವರುತ್ತ ನೆಲದ ಮೇಲೆ ಕೂತಿದ್ದರು.

"ಇದು ಈ ಜನ್ಮದಲ್ಲಿ ಕಚ್ಚಲ್ಲ ಬಿಡಿ," ಎಂದರು ಆಕೆ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವರಿಗೆ ಮಾತ್ರ ಹೇಳ್ಬೇಡಿ ಅಕ್ಕ. ನಿವೃತ್ತಿ ಆದಾಗಿಂದ ಮನೇಲಿ ನನ್ನ ತಲೆ ತಿಂತಿದ್ರು."

"ನಾನ್ಯಾಕೆ ಹೇಳ್ಲಿ," ಎಂದು ಅತ್ತೆ ಇಬ್ಬರಿಗೂ ಚಹಾ ಇಡಲು ಒಳಗೆ ಹೋದರು.