ಒಬ್ಬರದೇ ಪುಸ್ತಕ ಓದಿದರೆ ಎಂತ ಆಗ್ತದೆ?

ಕಾವೂರಿನ ಆಮ್ನಾಳ ಮನೆಯಲ್ಲಿ ಪುಸ್ತಕಗಳಿಗೇನೂ ಕೊರತೆ ಇರಲಿಲ್ಲ. ಗಂಡ ಕಬೀರ್ ಗಲ್ಫಿನ ದಮ್ಮಾಮಿನಲ್ಲಿ ಕೆಲಸದಲ್ಲಿದ್ದ. ಹಿಂದಿನ ಸಲ ರಜೆಗೆ ಬಂದಾಗ ಮಗಳು ಮರ್ವಾಳಿಗೆಂದು ಬಂಗಾರದ ಬಣ್ಣದ ಅಂಚಿನ ದಪ್ಪದಪ್ಪ ಜ್ಞಾನಕೋಶಗಳನ್ನು ತಂದಿದ್ದ. ಅವು ಹಾಲಿನ ಗಾಜಿನ ಶೋಕೇಸಿನಲ್ಲಿ, ಅತ್ತರಿನ ಬಾಟಲಿಗಳಿಗೂ ಯಾರೂ ಚಹಾ ಕುಡಿಯದ ಟೀ ಸೆಟ್ಟಿಗೂ ನಡುವೆ, ಬೀಗದೊಳಗೆ ಸುಖವಾಗಿದ್ದವು. ವಾರಕ್ಕೊಮ್ಮೆ ಆಮ್ನಾ ಧೂಳು ಒರೆಸುವಾಗ ಬಿಟ್ಟರೆ ಅವಕ್ಕೆ ಮನುಷ್ಯರ ಕೈ ತಾಗುತ್ತಿರಲಿಲ್ಲ.

ಮರ್ವಾ ಒಂಬತ್ತನೇ ತರಗತಿಯ ಹುಡುಗಿ. ಮಾತಿನಲ್ಲಿ ಚುರುಕು, ಲೆಕ್ಕದಲ್ಲಿ ಪರವಾಗಿಲ್ಲ. ಪುಸ್ತಕ ಬಿಡಿಸಿದರೆ ಮಾತ್ರ ಎಲ್ಲಿಲ್ಲದ ತಲೆನೋವು. ಕದ್ರಿಯ ಕಣ್ಣಿನ ಡಾಕ್ಟರು ನೋಡಿ, ಕಣ್ಣಿಗೆ ಏನೂ ಆಗಿಲ್ಲ ಎಂದರು. ಆಮ್ನಾ ಟ್ಯೂಷನ್ ಬದಲಾಯಿಸಿದಳು, ಬೆಳಿಗ್ಗೆ ನೆನೆಸಿದ ಬಾದಾಮಿ ತಿನ್ನಿಸಿದಳು. ಬಾದಾಮಿ ಖಾಲಿಯಾಯಿತು, ಅಷ್ಟೇ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕ್ಲಾಸ್ ಟೀಚರ್ ಸುಪ್ರೀತಾ ಆಮ್ನಾಳನ್ನು ಶಾಲೆಗೆ ಕರೆಸಿ ಉತ್ತರಪತ್ರಿಕೆ ತೋರಿಸಿದರು. ಹುಡುಗಿ ಪ್ರಶ್ನೆಯ ಮೊದಲ ಸಾಲು ಓದಿ, ಉಳಿದದ್ದನ್ನು ಊಹಿಸಿಕೊಂಡು ಬರೆದಿದ್ದಳು. ಕನ್ನಡದಲ್ಲಿ ಮಾತ್ರವಲ್ಲ, ವಿಜ್ಞಾನದಲ್ಲೂ ಸಮಾಜದಲ್ಲೂ ಅದೇ ಕಥೆ. ಹೀಗೇ ಆದರೆ ಹತ್ತನೇ ತರಗತಿಗೆ ಬೇರೆ ಶಾಲೆ ನೋಡಿಕೊಳ್ಳಲಿ ಎಂದು ಮ್ಯಾನೇಜ್‌ಮೆಂಟಿನವರು ಹೇಳುತ್ತಿದ್ದಾರೆ ಎನ್ನುವಾಗ ಸುಪ್ರೀತಾ ಟೀಚರ್‌ಗೇ ಮುಜುಗರವಾಯಿತು. ಮರ್ವಾ ಎಲ್‌ಕೆಜಿಯಿಂದ ಓದಿದ ಶಾಲೆ ಅದು. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದ್ದೂ ಆಮ್ನಾಳಿಗೆ ಕೇಳಿಸಲಿಲ್ಲ.

ಪಕ್ಕದ ಮನೆಯ ಮಾರ್ಸೆಲಿನ್ ಟೀಚರ್ ಕೊಡಿಯಾಲ್‌ಬೈಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಜಗಲಿಯಲ್ಲಿ ಒಂದು ಕಪಾಟು ಇಟ್ಟುಕೊಂಡು ಸುತ್ತಲಿನ ಮಕ್ಕಳಿಗೆ ಪುಸ್ತಕ ಕೊಡುತ್ತಿದ್ದರು. ಆಮ್ನಾ ಹೇಳಿದ್ದನ್ನೆಲ್ಲ ಕೇಳಿ, ಕಪಾಟಿನಿಂದ ತೆಳ್ಳಗಿನ ಒಂದು ಪುಸ್ತಕ ತೆಗೆದು ಕೊಟ್ಟರು. ಬರೆದವರು ಜಲಜಾಕ್ಷಿ ಪಂಜಿಕಲ್ಲು. ಅವರ ಪುಸ್ತಕಗಳಲ್ಲೆಲ್ಲ ಸಂಜೀವಣ್ಣನೆಂಬ ಸಿಟಿ ಬಸ್ಸಿನ ಕಂಡಕ್ಟರ್ ಇದ್ದಾನೆ. ಒಂದೊಂದು ಪುಸ್ತಕದಲ್ಲಿ ಯಾರೋ ಒಬ್ಬರು ಬಸ್ಸಿನಲ್ಲಿ ಏನನ್ನೋ ಬಿಟ್ಟು ಇಳಿಯುತ್ತಾರೆ. ಅದು ಯಾರದ್ದೆಂದು ಅವನು ಪತ್ತೆ ಮಾಡಬೇಕು.

ಆಮ್ನಾ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಕಥೆ ಪುಸ್ತಕ ಎಂತಕ್ಕೆ ಟೀಚರ್? ಪಾಠದ್ದೇ ಓದುದಿಲ್ಲ ಅವಳು."

"ಪಾಠದ್ದು ಓದುದಿಲ್ಲ ಅಂತಲೇ ಇದು ಕೊಡುದು. ಓದಿ ಆದ ಮೇಲೆ ಇದರ ನೀತಿ ಎಂತ ಅಂತ ಮಾತ್ರ ಕೇಳ್ಬೇಡ ಮಾರಾಯ್ತಿ."

ಮೊದಲ ಪುಸ್ತಕದಲ್ಲಿ ಬಸ್ಸಿನಲ್ಲಿ ಸಿಕ್ಕಿದ್ದು ಯಾರದೋ ಹಲ್ಲಿನ ಸೆಟ್ಟು. ಮರ್ವಾ ಮೂಗು ಮುರಿಯುತ್ತಲೇ ಶುರು ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಕೋಣೆಯಿಂದ ಕಿಸಕ್ಕನೆ ನಗು ಕೇಳಿತು. ಮೊಬೈಲ್ ನೋಡುತ್ತಿದ್ದಾಳೆಂದು ಆಮ್ನಾ ಬೈಯಲು ಹೋದರೆ ಕೈಯಲ್ಲಿ ಪುಸ್ತಕವೇ ಇತ್ತು. ಬಸ್ಸು ನಿಲ್ಲುವ ಜಾಗಗಳೆಲ್ಲ ಹುಡುಗಿಗೆ ಗೊತ್ತಿದ್ದವು, ಜನ ಮಾತಾಡುವುದು ಅಕ್ಕಪಕ್ಕದವರ ಹಾಗೇ ಇತ್ತು. ಆ ಪುಸ್ತಕ ಮುಗಿಸಿ ಅವಳೇ ಹೋಗಿ ಎರಡನೆಯದನ್ನು ತಂದಳು. ಸಂಜೆ ಅಜ್ಜಿ ಪಾತುಮ್ಮನ ಮಂಚದಲ್ಲಿ ಕುಳಿತು, ಓದಿದಷ್ಟನ್ನು ಬ್ಯಾರಿ ಭಾಷೆಯಲ್ಲಿ ಹೇಳುವುದೂ ಶುರುವಾಯಿತು. ಅಕ್ಷರ ಕಲಿಯದ ಪಾತುಮ್ಮನಿಗೆ ಸಂಜೀವಣ್ಣ ಮನೆಯ ಮಗನೇ ಆಗಿಬಿಟ್ಟ.

ಮೂರನೇ ಪುಸ್ತಕದ ಹೊತ್ತಿಗೆ ಆಮ್ನಾಳ ತಲೆಗೆ ಹುಳ ಹೊಕ್ಕಿತು. ಮಗಳಿಗೆ ಓದಲು ಬರುತ್ತದೆ ಎಂದಾಯಿತಲ್ಲ, ಇನ್ನು ಉಪಯೋಗದ್ದನ್ನು ಓದಲಿ. ಒಬ್ಬರದೇ ಪುಸ್ತಕ, ಅದೇ ಬಸ್ಸು, ಅದೇ ಕಂಡಕ್ಟರ್, ಇದರಿಂದ ಪರೀಕ್ಷೆಯಲ್ಲಿ ಏನು ಬರುತ್ತದೆ? ಮಗಳು ಅರ್ಧ ಓದಿದ್ದ ಪುಸ್ತಕವನ್ನು ಆಮ್ನಾ ಶೋಕೇಸಿನೊಳಗಿಟ್ಟು ಬೀಗ ಹಾಕಿ, ಜ್ಞಾನಕೋಶದ ಒಂದು ಸಂಪುಟವನ್ನು ಮೇಜಿನ ಮೇಲಿಟ್ಟಳು. ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ ಎಂದಳು. ಪಾಪ, ಮಗಳ ಒಳ್ಳೆಯದಕ್ಕೇ ಮಾಡಿದ್ದು. ಆದರೆ ಹಸಿವಾಗಲಿ ಎಂದು ಕಷಾಯ ಕುಡಿಸಿ, ಹಸಿವಾದ ಕೂಡಲೇ ತಟ್ಟೆ ಎತ್ತಿಟ್ಟ ಹಾಗಾಯಿತು.

ಮರ್ವಾ ಜಗಳವಾಡಲಿಲ್ಲ. ಜ್ಞಾನಕೋಶದ ಮೇಲೆ ಮೊಬೈಲನ್ನು ಒರಗಿಸಿಟ್ಟು ವಿಡಿಯೊ ನೋಡತೊಡಗಿದಳು. ತಲೆನೋವೂ ವಾಪಸು ಬಂತು. ಮುಂದಿನ ಕಿರುಪರೀಕ್ಷೆಯಲ್ಲಿ ಮತ್ತೆ ಮೊದಲ ಸಾಲಿನ ಉತ್ತರಗಳೇ.

ಜಗಳ ತೆಗೆದದ್ದು ಪಾತುಮ್ಮ. ಆ ಮೂರನೇ ಪುಸ್ತಕದಲ್ಲಿ ಬಸ್ಸಿನ ಸೀಟಿನಡಿ ಒಂದು ಹುಂಜ ಸಿಕ್ಕಿತ್ತು. ಅದರ ಯಜಮಾನ ಯಾರೆಂದು ತಿಳಿಯುವ ಮೊದಲೇ ಬೀಗ ಬಿದ್ದಿತ್ತು.

"ಆ ಹುಂಜ ಯಾರದ್ದು ಅಂತ ಗೊತ್ತಾಗದೆ ನನಗೆ ಊಟ ಸೇರುದಿಲ್ಲ," ಎಂದು ಮುದುಕಿ ತಟ್ಟೆ ಸರಿಸಿದಳು.

ಅದೇ ಹೊತ್ತಿಗೆ ಮಾರ್ಸೆಲಿನ್ ಟೀಚರ್ ಬಂದರು. ಪಾತುಮ್ಮ ಎಲ್ಲವನ್ನೂ ಒಪ್ಪಿಸಿದಳು. ಅತ್ತರಿನ ಬಾಟಲಿಗಳ ಪಕ್ಕ ಕುಳಿತಿದ್ದ ತಮ್ಮ ಪುಸ್ತಕವನ್ನು ಟೀಚರ್ ಗಾಜಿನ ಹೊರಗಿನಿಂದಲೇ ನೋಡಿ ನಕ್ಕರು. ಆಮ್ನಾಳಿಗೆ ನಗು ಬರಲಿಲ್ಲ. ಮಗಳನ್ನು ಶಾಲೆಯಿಂದ ಕಳಿಸಿದರೆ ಗಂಡನಿಗೆ ಏನು ಹೇಳಲಿ ಎಂದು ಅವಳು ಅಳುವುದೊಂದು ಬಾಕಿ.

ಟೀಚರ್ ಪಕ್ಕದಲ್ಲಿ ಕುಳಿತರು. "ನೀನು ಮೀನು ತೆಗೊಳ್ಳುದು ಯಾರ ಹತ್ರ ಆಮ್ನಾ?"

"ಯಾವಾಗಲೂ ಮಾರ್ಕೆಟಿನ ಆ ಮೂಲೆಯವರ ಹತ್ರವೇ. ನಂಬಿಕೆ ಉಂಟು. ಪ್ರತಿ ಸಲ ಕಿವಿರು ಬಿಡಿಸಿ ನೋಡ್ಬೇಕಂತ ಇಲ್ಲ."

"ಮಕ್ಕಳಿಗೂ ಅಷ್ಟೇ. ಈ ಬರೆಯುವವರು ಹೇಗೆ ಮಾತಾಡ್ತಾರೆ, ಎಲ್ಲಿ ನಗಿಸ್ತಾರೆ ಅಂತ ಅವಳಿಗೆ ಗೊತ್ತಾಗಿದೆ. ಹಾಗಾಗಿ ಕಷ್ಟದ ಶಬ್ದ ಬಂದರೂ ಹೆದರುದಿಲ್ಲ. ಒಬ್ಬರದ್ದೇ ನಾಲ್ಕಾರು ಪುಸ್ತಕ ಓದಲಿ. ಅಷ್ಟರಲ್ಲಿ ಓದುವ ಅಭ್ಯಾಸ ಆಗ್ತದೆ. ಅಭ್ಯಾಸ ಆದ ಮೇಲೆ ಯಾರದ್ದು ಕೊಟ್ಟರೂ ಓದ್ತಾಳೆ, ಪ್ರಶ್ನೆಪತ್ರಿಕೆಯೂ ಓದ್ತಾಳೆ."

ಆಮ್ನಾಳಿಗೆ ಪೂರ್ತಿ ನಂಬಿಕೆ ಬಂತು ಎಂದರೆ ಸುಳ್ಳಾಗುತ್ತದೆ. ಆದರೂ ಬೀಗ ತೆಗೆದಳು. ಮರ್ವಾ ಅಜ್ಜಿಯ ಮಂಚದಲ್ಲಿ ಕುಳಿತು ಈ ಸಲ ಕನ್ನಡದಲ್ಲೇ ಗಟ್ಟಿಯಾಗಿ ಓದಿದಳು. ಆಮ್ನಾ ಬಾಗಿಲಲ್ಲಿ ನಿಂತು ಕೇಳಿದಳು. ಒಂದು ಉದ್ದನೆಯ ವಾಕ್ಯದ ನಡುವೆ ಹುಡುಗಿ ತಡವರಿಸಿದಳು. ಊಹಿಸಿ ಮುಂದೆ ಹಾರಲಿಲ್ಲ. ಹಿಂದೆ ಹೋಗಿ, ವಾಕ್ಯವನ್ನು ಮೊದಲಿನಿಂದ ಓದಿ, ಕೊನೆ ಮುಟ್ಟಿದಳು. ಉತ್ತರಪತ್ರಿಕೆ ತೋರಿಸಿ ಸುಪ್ರೀತಾ ಟೀಚರ್ ಮಗಳಲ್ಲಿ ಇಲ್ಲ ಎಂದಿದ್ದು, ಕೊನೆಯವರೆಗೆ ಓದುವ ಈ ಅಭ್ಯಾಸವೇ ಅಲ್ಲವೇ? ಆಮ್ನಾಳ ಎದೆಯ ಭಾರ ಆಗಲೇ ಅರ್ಧ ಇಳಿಯಿತು.

ಹುಂಜದ ಯಜಮಾನ ಸಿಕ್ಕಿದ, ಪಾತುಮ್ಮ ಊಟ ಮಾಡಿದಳು. ಸಂಜೀವಣ್ಣನ ಪುಸ್ತಕಗಳು ಒಂದೊಂದಾಗಿ ಮುಗಿದವು. ಮುಗಿದ ಮೇಲೆ ಇನ್ನೇನು ಗತಿ ಎಂದು ಆಮ್ನಾ ಹೆದರಿದ್ದಳು. ಮರ್ವಾ ತಾನಾಗಿಯೇ ಮಾರ್ಸೆಲಿನ್ ಟೀಚರ ಕಪಾಟಿನ ಮುಂದೆ ನಿಂತು, ಇವರ ಹಾಗೆ ಬರೆಯುವವರು ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದಳಂತೆ.

ವಾರ್ಷಿಕ ಪರೀಕ್ಷೆ ಆಗಿ ಪೋಷಕರ ಸಭೆ ಬಂತು. ಕೆಟ್ಟ ಸುದ್ದಿಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಆಮ್ನಾ ಹೋಗಿದ್ದಳು. ಸುಪ್ರೀತಾ ಟೀಚರ್ ಕನ್ನಡದ ಉತ್ತರಪತ್ರಿಕೆ ಬಿಡಿಸಿದರು. ಹಿಂದೆ ಎಂದೂ ನೋಡಿರದ ಗದ್ಯಭಾಗವನ್ನು ಕೊಟ್ಟು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರವಿತ್ತು. ಬೇರೆ ವಿಷಯಗಳಲ್ಲೂ ಪಾಸು. ಹತ್ತನೇ ತರಗತಿ ಇದೇ ಶಾಲೆಯಲ್ಲಿ ಎಂದು ಹೇಳಿ, ಟೀಚರ್ ಪತ್ರಿಕೆ ಮಡಿಸುತ್ತ ಕೇಳಿದರು:

"ಮರ್ವಾ ಕ್ಲಾಸಲ್ಲಿ ಕಂಡಕ್ಟರನ ಕಥೆ ಹೇಳ್ತಾ ಇರ್ತಾಳಲ್ಲ, ಆ ಪುಸ್ತಕ ಬರೆದವರ ಹೆಸರು ಎಂತ? ನನ್ನ ಕ್ಲಾಸಲ್ಲಿ ಇಂಥ ಮಕ್ಕಳು ಇನ್ನೂ ಇದ್ದಾರೆ."

ಆಮ್ನಾ ಹೆಸರು ಹೇಳಿದಳು. ಹೇಳುತ್ತ ಹೇಳುತ್ತ, ಇಷ್ಟು ದಿನ ತಡೆದಿದ್ದ ಕಣ್ಣೀರು ಅಲ್ಲೇ, ಎಲ್ಲ ಪೋಷಕರ ಎದುರೇ ಇಳಿಯಿತು.

ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಪುಸ್ತಕ ಕಂಡರೆ ತಲೆನೋವು ಬರುವ ಮಗು ಇರಬಹುದು. ದಡ್ಡ ಎಂದು ತೀರ್ಮಾನಿಸುವ ಮೊದಲು ಹತ್ತಿರದ ಲೈಬ್ರರಿಗೆ ಕರೆದುಕೊಂಡು ಹೋಗಿ. ಪುಸ್ತಕವನ್ನು ಮಗುವೇ ಆರಿಸಲಿ. ಒಬ್ಬರು ಬರೆದದ್ದು ಹಿಡಿಸಿತೆಂದರೆ ಅವರ ಇನ್ನೊಂದು ಪುಸ್ತಕ ಹುಡುಕಿ ಕೊಡಿ, ಮತ್ತೊಂದನ್ನೂ ಕೊಡಿ. ಅದೇ ಲೇಖಕರು ಯಾಕೆ ಎನ್ನಬೇಡಿ, ನೀತಿ ಕೇಳಬೇಡಿ, ಪರೀಕ್ಷೆ ಬಂತೆಂದು ಕಿತ್ತುಕೊಳ್ಳಬೇಡಿ. ಮಗು ಪುಸ್ತಕ ಹಿಡಿದು ನಗುತ್ತಿದ್ದರೆ, ದಯವಿಟ್ಟು ಸ್ವಲ್ಪ ಹೊತ್ತು ಅದನ್ನು ಕರೆಯಬೇಡಿ.