ಬಿಲ್ಲಿನಲ್ಲಿ ಬರುವ ಹೆಸರು

ಸತ್ತವರ ಬಟ್ಟೆಯಿಂದ ದಿಂಬು ಹೊಲಿದುಕೊಡುವ ಆ ಅಂಗಡಿಗೆ ಬೀದಿಯಲ್ಲಿ ಬೋರ್ಡು ಇರಲಿಲ್ಲ. ಅದು ಇದ್ದದ್ದು ಇಂಟರ್ನೆಟ್ಟಿನಲ್ಲಿ. ‘ಒರಗು’ ಎಂದು ಹೆಸರಿಟ್ಟವಳು ಅಕ್ಕ. ತೀರಿಹೋದ ಗಂಡನ ಅಂಗಿ, ಅಮ್ಮನ ಸ್ವೆಟರು, ಯಾವುದೋ ಮಾವನ ಕೋಟು, ಜನ ಪಾರ್ಸೆಲ್ ಮಾಡಿ ಕಳಿಸುತ್ತಿದ್ದರು. ಅದನ್ನು ಕತ್ತರಿಸಿ, ಹತ್ತಿ ತುಂಬಿ, ಗುಂಡಿಗಳನ್ನು ಇದ್ದ ಜಾಗದಲ್ಲೇ ಉಳಿಸಿ ದಿಂಬು ಮಾಡುತ್ತಿದ್ದವಳು ತಂಗಿ. ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಸೂಜಿ ಎಂದು. ತೆಳ್ಳಗಿದ್ದಳು, ಇದ್ದ ಕಡೆ ಸದ್ದಿರುತ್ತಿರಲಿಲ್ಲ. ಓದು ಅರ್ಧಕ್ಕೆ ಬಿಟ್ಟು ಹೊಲಿಗೆ ಮೆಷಿನ್ನಿನ ಮುಂದೆ ಕೂತವಳು ಮತ್ತೆ ಎದ್ದೇ ಇಲ್ಲ ಎಂದು ಅಕ್ಕ ಛೇಡಿಸುತ್ತಿದ್ದಳು. ಮಾತೆಲ್ಲ ಅಕ್ಕನದು. ಅಳುತ್ತ ಫೋನು ಮಾಡಿದ ಗಿರಾಕಿಯನ್ನು ನಗಿಸದೆ ಅವಳು ಫೋನು ಇಟ್ಟದ್ದೇ ಇಲ್ಲ.

ಆ ಅಕ್ಕ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ.

ಸೂಜಿಗೆ ಅಳು ಬರಲಿಲ್ಲ. ನೋಡಲು ಬಂದವರಲ್ಲಿ ಕೆಲವರು ಗಟ್ಟಿ ಹುಡುಗಿ ಅಂದರು, ಕೆಲವರು ಕಲ್ಲು ಅಂದರು. ಎರಡೂ ಅವಳಿಗೆ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸಿದವು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಇದೆ, ಆದರೆ ತನ್ನದಲ್ಲ. ಅವಳು ಮೆಷಿನ್ನಿನ ಮುಂದೆ ಕೂತು ಬಂದ ಬಟ್ಟೆಗಳನ್ನು ಹೊಲಿಯುತ್ತ ಹೋದಳು.

ಬ್ಯಾಂಕಿನವರು ಅಕ್ಕನ ಖಾತೆ ಮುಚ್ಚಿದರು. ಅದರ ಜೊತೆಗೇ, ಗಿರಾಕಿಗಳ ಕಾರ್ಡಿನಿಂದ ದುಡ್ಡು ತೆಗೆದುಕೊಳ್ಳಲು ಇದ್ದ ಮರ್ಚೆಂಟ್ ಅಕೌಂಟೂ ಹೋಯಿತು. ಆಗ ಭಾವ, "ನನ್ನ ಅಕೌಂಟ್ ಇದೆಯಲ್ಲ, ಸದ್ಯಕ್ಕೆ ಅದರಲ್ಲೇ ತಗೊಳ್ಳೋಣ. ದುಡ್ಡಿಗೇನು ಮೂಗು ಬಾಯಿ ಇದೆಯಾ?" ಅಂದ. ಭಾವನದು ಇಲಿ, ಜಿರಳೆ, ಗೆದ್ದಲು ಕೊಲ್ಲುವ ವ್ಯಾಪಾರ. ಸೂಜಿ ತಲೆಯಾಡಿಸಿದಳು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಅವಳು ತಲೆಯಾಡಿಸುತ್ತಿದ್ದಳು.

ದುಡ್ಡಿಗೆ ಮೂಗು ಬಾಯಿ ಇಲ್ಲದಿದ್ದರೂ ಹೆಸರು ಇತ್ತು. ಗಂಡನ ಅಂಗಿ ಕಳಿಸಿ ದುಡ್ಡು ಕಟ್ಟಿದವರಿಗೆ ಕಾರ್ಡಿನ ಬಿಲ್ಲಿನಲ್ಲಿ ‘ಇಲಿ ಜಿರಳೆ ನಿವಾರಣೆ’ ಎಂದು ಬಂತು. ನಾವು ಯಾವ ಇಲಿಯನ್ನೂ ಕೊಲ್ಲಿಸಿಲ್ಲ, ಯಾರೋ ನಮ್ಮ ಕಾರ್ಡು ಕದ್ದಿದ್ದಾರೆ ಎಂದು ಅವರು ಒಬ್ಬೊಬ್ಬರಾಗಿ ಬ್ಯಾಂಕಿಗೆ ದೂರು ಕೊಟ್ಟರು. ಬ್ಯಾಂಕು ದುಡ್ಡನ್ನು ವಾಪಸ್ ಎಳೆದುಕೊಂಡಿತು.

"ಇನ್ನೊಂದು ದೂರು ಬಂದ್ರೆ ನನ್ನ ಅಕೌಂಟೂ ಮುಚ್ತಾರಂತೆ," ಎಂದು ಭಾವ ಬಾಗಿಲಲ್ಲೇ ನಿಂತು ಹೇಳಿದ. ಅವನ ಮೈಯಿಂದ ಔಷಧಿಯ ವಾಸನೆ ಬರುತ್ತಿತ್ತು. "ನಾಳೆಯಿಂದ ನಿನ್ನ ಆರ್ಡರ್ ನನ್ನ ಕಡೆ ಬೇಡ ಕಣೇ ಸೂಜಿ. ಒಂದೋ ನಿಂದೇ ಅಂತ ಒಂದು ಅಕೌಂಟ್ ತಗೋ, ಇಲ್ಲಾಂದ್ರೆ ಅಂಗಡಿ ಮುಚ್ಚು. ಬೇಜಾರು ಮಾಡ್ಕೋಬೇಡ."

"ಇಲ್ಲ," ಅಂದಳು. ಬೇಜಾರು ನಿಜಕ್ಕೂ ಆಗಿರಲಿಲ್ಲ. ಆದರೆ ಮುಚ್ಚು ಎಂಬ ಮಾತು ಕೇಳಿ ಅವಳ ಕಾಲು ಪೆಡಲ್ಲಿನ ಮೇಲೆ ನಿಂತುಹೋಯಿತು. ಅಕ್ಕ ಬಿಟ್ಟುಹೋದದ್ದರಲ್ಲಿ ಇನ್ನೂ ನಡೆಯುತ್ತಿದ್ದದ್ದು ಅದೊಂದೇ.

ಭಾವ ಎರಡು ಕಂಪನಿಗಳನ್ನು ವಿಚಾರಿಸಿಕೊಂಡು ಬಂದ. ಮೊದಲನೆಯದು ಯಾರ ಹತ್ತಿರವೂ ಮಾತಾಡಿಸದೆ, ಕೂತ ಕಡೆಯೇ ಅಕೌಂಟ್ ತೆರೆದುಕೊಡುತ್ತದೆ. ಆದರೆ ಬಿಲ್ಲಿನಲ್ಲಿ ಬರುವುದು ಆ ಕಂಪನಿಯದೇ ಹೆಸರು. ಎರಡನೆಯದು ಅಂಗಡಿಯ ಹೆಸರನ್ನೇ ಹಾಕುತ್ತದೆ. ಆದರೆ ಅವರ ಅಧಿಕಾರಿ ಫೋನು ಮಾಡಿ, ಅಂಗಡಿಯ ಯಜಮಾನರ ಬಾಯಿಂದಲೇ ಎಲ್ಲ ಕೇಳುತ್ತಾರೆ.

"ನಿನಗೆ ಮೊದಲನೇದೇ ಸರಿ," ಅಂದ ಭಾವ. "ಆ ಅಧಿಕಾರಿ ಫೋನ್ ಮಾಡಿದ್ರೆ ನೀನು ತಲೆಯಾಡಿಸ್ತೀಯ. ತಲೆಯಾಡಿಸಿದ್ದು ಫೋನಲ್ಲಿ ಕೇಳುತ್ತಾ?"

"ಎರಡನೇದು," ಅಂದಳು ಸೂಜಿ.

ಭಾವ ಅವಳ ಮುಖ ನೋಡಿದ. "ಯಾಕೆ?"

"ಬಿಲ್ಲಲ್ಲಿ ‘ಒರಗು’ ಅಂತ ಬರಬೇಕು."

ಅಧಿಕಾರಿಣಿಯ ಫೋನು ಮಧ್ಯಾಹ್ನ ಬಂತು. ಬಿರುಸಿನ ದನಿ, ಹಿಂದೆ ಆಫೀಸಿನ ಗದ್ದಲ. ಏನು ಮಾರುತ್ತೀರಿ, ಬಟ್ಟೆ ಬಂದ ಎಷ್ಟು ದಿನಕ್ಕೆ ದಿಂಬು ಕಳಿಸುತ್ತೀರಿ, ಗಿರಾಕಿಗೆ ಇಷ್ಟವಾಗದಿದ್ದರೆ?

"ದುಡ್ಡು ವಾಪಸ್ ಕೊಡ್ತೀವಿ," ಅಂದಳು ಸೂಜಿ. "ಅಂಗಿ ಮಾತ್ರ ಕೊಡೋಕಾಗಲ್ಲ. ಕತ್ತರಿಸಿರ್ತೀವಿ."

ಆ ಕಡೆ ಕೀಬೋರ್ಡು ಟಕಟಕ ಎಂದಿತು. ಆಮೇಲೆ ಅಧಿಕಾರಿಣಿ, "ನೋಡೀಮ್ಮಾ, ನೀವು ಅರ್ಜಿಯಲ್ಲಿ ಬರೆದ ಭಾವನವರ ಅಕೌಂಟಲ್ಲಿ ಬಂದ ದೂರುಗಳು ನಮಗೂ ಕಾಣುತ್ತೆ. ಹೆಸರು ಗೊತ್ತಾಗದೆ ದೂರು ಕೊಟ್ಟೆ, ಇವರು ಮೋಸದವರಲ್ಲ ಅಂತ ದೂರು ಕೊಟ್ಟವರಲ್ಲಿ ಒಬ್ಬರಾದ್ರೂ ಬರ್ಕೊಡಲಿ. ಅಕೌಂಟ್ ಮಾಡ್ಕೊಡ್ತೀನಿ. ಅದಿಲ್ದೆ ನನ್ನ ಕೈಲಾಗಲ್ಲ," ಅಂದಳು.

ಭಾವ ಗೆದ್ದಲು ಹಿಡಿದ ಮನೆಯೊಂದಕ್ಕೆ ಹೋಗಿದ್ದ. ಅವನು ಬರಲಿ ಎಂದು ಸೂಜಿ ಕಾಯಬಹುದಿತ್ತು. ಕಪಾಟಿನಲ್ಲಿ ಹಸಿರು ಉಣ್ಣೆಯ ದಿಂಬೊಂದು ಸಿದ್ಧವಾಗಿ ಕೂತಿತ್ತು. ಗಡಿಯಾರ ರಿಪೇರಿಯ ಮುದುಕರೊಬ್ಬರು ಕಳಿಸಿದ ಹೆಂಡತಿಯ ಸ್ವೆಟರು. ಕತ್ತರಿಸಿದರೆ ಉಣ್ಣೆ ಬಿಚ್ಚಿಕೊಳ್ಳುತ್ತದೆ ಎಂದು ಹಿಂದೆ ತೆಳ್ಳನೆಯ ಬಟ್ಟೆ ಅಂಟಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಾಕಿದ್ದಳು. ಅವರೂ ದೂರು ಕೊಟ್ಟಿದ್ದರಿಂದ ಭಾವ ಅದನ್ನು ಕಳಿಸಬೇಡ ಎಂದಿದ್ದ. ಅವರಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಂಥದ್ದೆಲ್ಲ ಹೊಳೆಯುತ್ತಿದ್ದದ್ದು ಅಕ್ಕನಿಗೆ.

ಸೂಜಿ ನಂಬರು ಒತ್ತಿದಳು.

"ಯಾರು?"

"ಸರ್, ದಿಂಬಿನ ಅಂಗಡಿಯಿಂದ."

"ಅಯ್ಯೋ ಹೇಳಿ ಹೇಳಿ! ನಾನೇ ಮಾಡೋಣ ಅಂತಿದ್ದೆ. ನೀವಿನ್ನೂ ದುಡ್ಡೇ ತಗೊಂಡಿಲ್ಲವಲ್ಲ. ಅದರ ಮಧ್ಯೆ ಯಾವನೋ ಇಲಿ ಹಿಡಿಯೋನು ನನ್ನ ಕಾರ್ಡಿಗೆ ಕೈ ಹಾಕಿದ್ದ, ಗೊತ್ತಾ? ಬಿಡ್ತೀನಾ? ಬ್ಯಾಂಕಿಗೆ ಹೇಳಿ ಕಕ್ಕಿಸಿದೆ."

"ಆ ಇಲಿ ಹಿಡಿಯೋನು ನಮ್ಮ ಭಾವ, ಸರ್."

"ಹ್ಞಾಂ?"

ಅವಳು ಹೇಳಿದಳು. ಹೊಲಿಗೆ ಹಾಕಿದ ಹಾಗೆ, ಒಂದಾದ ಮೇಲೊಂದು. ಮುದುಕರು ಕೆಮ್ಮು ಹತ್ತುವಷ್ಟು ನಕ್ಕರು. "ನನ್ನವಳು ಇದ್ದಿದ್ರೆ ಹೇಳೋಳು, ನಿಮಗೆ ತಕ್ಕ ಬಿಲ್ಲೇ ಬಂದಿದೆ ಅಂತ. ಅಲ್ಲಮ್ಮಾ, ಇದನ್ನ ಆಗಲೇ ಹೇಳೋದಲ್ವಾ? ಅವರೆಲ್ಲಿ, ಮುಂಚೆ ನನ್ನ ಹತ್ರ ಮಾತಾಡಿದವರು? ಮಾತಿನ ಮಲ್ಲಿ!"

"ಅವರು ನಮ್ಮಕ್ಕ," ಅಂದಳು ಸೂಜಿ. "ತೀರಿಕೊಂಡಳು."

ಈ ಮಾತನ್ನು ಇದುವರೆಗೆ ಬೇರೆಯವರೇ ಆಡಿದ್ದರು. ತನ್ನ ಬಾಯಿಂದ ಬಂದಾಗ ಅದು ಸಣ್ಣದಾಗಿ ಕೇಳಿಸಿತು. ಏನಾದರೂ ಆಗುತ್ತದೇನೋ ಎಂದು ಕಾದಳು. ಆಗಲಿಲ್ಲ.

ಮುದುಕರು ಅಯ್ಯೋ ಪಾಪ ಎನ್ನಲಿಲ್ಲ. "ಅವರ ಬಟ್ಟೇದು ದಿಂಬು ಮಾಡಿದ್ಯಾ?" ಎಂದು ಕೇಳಿದರು.

"ಇಲ್ಲ."

"ಮಾಡಬೇಡ. ಈಗಲೇ ಬೇಡ. ನಾನು ಆತುರಪಟ್ಟು ಸ್ವೆಟರ್ ಕಳಿಸಿಬಿಟ್ಟೆ. ಮಾರನೇ ದಿನ ಪೋಸ್ಟಾಫೀಸಿಗೆ ಹೋಗಿ, ವಾಪಸ್ ಕೊಡಿ ಅಂದ್ರೆ ಹೋಗಿಬಿಟ್ಟಿದೆ ಅಂದ್ರು."

"ದಿಂಬು ರೆಡಿ ಇದೆ ಸರ್. ನಾಳೆ ಕಳಿಸ್ತೀನಿ. ಗುಂಡಿ ಎಲ್ಲಾ ಹಾಗೇ ಇದೆ."

"ಮೇಲಿನ ಗುಂಡಿ ಬೇರೆ ಬಣ್ಣ, ಅಲ್ವಾ?"

"ಹೂಂ. ಕಂದು."

"ಅದು ನಾನು ಹಾಕಿದ್ದು." ಅವರು ಕಾಗದ ಎಳೆದುಕೊಂಡ ಸದ್ದಾಯಿತು. "ಸರಿ, ಆ ಕಂಪನಿಯವರಿಗೆ ಏನು ಬರೀಬೇಕು? ನೀನೇ ಹೇಳು, ಬರೆದು ಫೋಟೋ ತೆಗೆದು ಕಳಿಸ್ತೀನಿ. ತಡಿ, ಕನ್ನಡಕ ಎಲ್ಲಿಟ್ಟೆ... ಇಡಬೇಡ ಫೋನು."

ಅವರು ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಚಪ್ಪಲಿ ಎಳೆದುಕೊಂಡು ದೂರ ಹೋದರು. ಖಾಲಿ ಕೋಣೆಯಲ್ಲಿ ರಿಪೇರಿಗೆ ಬಂದ ಗಡಿಯಾರಗಳು ಒಂದಕ್ಕೊಂದು ತಾಳ ಸೇರದೆ ಟಿಕ್ ಟಿಕ್ ಎನ್ನುತ್ತಿದ್ದವು. ಎಲ್ಲೋ ಒಂದು ಡ್ರಾಯರ್ ಎಳೆದರು, ಬೈದುಕೊಂಡರು, ಇನ್ನೊಂದು ಎಳೆದರು. ಸೂಜಿ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತ ಕೂತಳು. ಕಿವಿ ಬಿಸಿಯಾಗಿ ನೋಯತೊಡಗಿತು. ಆದರೂ ಇನ್ನೊಂದು ಕಿವಿಗೆ ಬದಲಾಯಿಸಲಿಲ್ಲ.

ಚಪ್ಪಲಿಯ ಸದ್ದು ಹತ್ತಿರ ಬಂತು.

"ಸಿಕ್ತು. ಹ್ಞೂಂ, ಹೇಳಮ್ಮ. ಅಂಗಡಿ ಯಾರದ್ದು ಅಂತ ಬರೀಲಿ?"

"ನನ್ನದು ಅಂತ ಬರೀರಿ," ಅಂದಳು ಸೂಜಿ. ಆಮೇಲೆ ತನ್ನ ನಿಜವಾದ ಹೆಸರನ್ನು ಅವರಿಗೆ ಬಿಡಿಸಿ ಬಿಡಿಸಿ ಹೇಳಿದಳು.